ಭಾನುವಾರದ ಉದ್ದ ಓಟ

ಮ್ಯಾರಥಾನ್ ಓಟದ ದಿನ ಏನೆಲ್ಲ ಇರುತ್ತದೆ ಎಂಬುದು ಟಿ.ವಿ. ನೋಡುವವರಿಗೆಲ್ಲ ಗೊತ್ತು. ಎದೆಯ ಮೇಲೆ ನಂಬರಿನ ಚೀಟಿ, ದಾರಿಯ ಇಕ್ಕೆಲದಲ್ಲಿ ಚಪ್ಪಾಳೆ, ನೀರು ಹಿಡಿದು ನಿಂತ ಹುಡುಗರು, ಕೊನೆಗೆ ಕೊರಳಿಗೊಂದು ಪದಕ. ಆದರೆ ಆ ಒಂದು ದಿನದ ಹಿಂದೆ ಎಷ್ಟೋ ಭಾನುವಾರಗಳು ಇರುತ್ತವೆ. ಅಂದು ಚಪ್ಪಾಳೆಯೂ ಇಲ್ಲ, ಪದಕವೂ ಇಲ್ಲ. ಅಭ್ಯಾಸ ಮಾಡುವವರು ವಾರದ ಉಳಿದ ದಿನಗಳಲ್ಲಿ ಐದೋ ಹತ್ತೋ ಕಿಲೋಮೀಟರು ಓಡಿ, ರಜೆಯ ದಿನ ಮಾತ್ರ 25, 30, 32 ಕಿ.ಮೀ. ತನಕ ನಿಧಾನವಾಗಿ ಓಡುತ್ತಾರೆ. ಓಟಗಾರರ ಬಾಯಲ್ಲಿ ಇದಕ್ಕೆ ‘ಲಾಂಗ್ ರನ್’ ಎಂದೇ ಹೆಸರು. ನಾನು ಉದ್ದ ಓಟ ಎನ್ನುತ್ತೇನೆ.

ಮುಂಬಯಿ ಮ್ಯಾರಥಾನಿಗೆ ಸಿದ್ಧಳಾಗುತ್ತ ನಾನೂ ಮೈಸೂರಿನಲ್ಲಿ ಇಂಥ ಭಾನುವಾರಗಳನ್ನು ಕಳೆದಿದ್ದೇನೆ. ಓಡುವುದರ ಜೊತೆಗೆ ಹೆಂಗಸರ ಓಟದ ಚರಿತ್ರೆಯನ್ನೂ ಓದುತ್ತ ಹೋದೆ. ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಈ ದೂರ ಹೆಣ್ಣಿಗೆ ಆಗದು ಎಂಬ ಮಾತು ಸುಳ್ಳಾದದ್ದು ಪಂದ್ಯದ ದಿನ ಮಾತ್ರವಲ್ಲ. ಅದಕ್ಕೂ ಮೊದಲೇ, ಯಾರೂ ನೋಡದ ಇಂಥ ಉದ್ದ ಓಟಗಳಲ್ಲಿ.

ಆಧುನಿಕ ಒಲಿಂಪಿಕ್ಸ್ ಶುರುವಾದದ್ದು 1896ರಲ್ಲಿ, ಗ್ರೀಸಿನ ಅಥೆನ್ಸಿನಲ್ಲಿ. ಮ್ಯಾರಥಾನ್ ಎಂಬ ಹಳ್ಳಿಯಿಂದ ಅಥೆನ್ಸಿನ ಕ್ರೀಡಾಂಗಣದವರೆಗೆ ಸುಮಾರು 40 ಕಿ.ಮೀ. ಓಟ. ಗೆದ್ದವನು ಸ್ಪಿರಿಡಾನ್ ಲೂಯಿಸ್ ಎಂಬ ಗ್ರೀಕ್ ಯುವಕ. ಅವನ ಹೆಸರು ಎಲ್ಲ ಪುಸ್ತಕಗಳಲ್ಲೂ ಇದೆ. ಮಾರನೆಯ ದಿನ ಅದೇ ದಾರಿಯಲ್ಲಿ ಒಬ್ಬಳೇ ಓಡಿದ ಸ್ತಮಾತಾ ರೆವಿಥಿಯ ಹೆಸರು ಕೇಳಿದವರು ಕಡಿಮೆ. ಬಡವಿ, ಕೈಯಲ್ಲಿ ಎಳೆಮಗು. ಪಂದ್ಯದಲ್ಲಿ ಸೇರಲು ಅವಳಿಗೆ ಅವಕಾಶ ಸಿಗಲಿಲ್ಲ. ತಾನು ಹೊರಟ ಹೊತ್ತಿಗೆ ಹಳ್ಳಿಯ ಪ್ರಮುಖರಿಂದ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಓಡಿದಳು. ಸುಮಾರು ಐದೂವರೆ ಗಂಟೆಯಲ್ಲಿ ಅಥೆನ್ಸ್ ಮುಟ್ಟಿದಳು. ಕ್ರೀಡಾಂಗಣದ ಒಳಗೆ ಮಾತ್ರ ಅವಳನ್ನು ಬಿಡಲಿಲ್ಲ. ಆ ಕಾಗದದ ವಿಚಾರ ಓದಿದಾಗ ನನಗೆ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ತನ್ನ ಮಾತನ್ನು ಯಾರೂ ನಂಬುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತಲ್ಲ!

ಈಗಿನ 42.195 ಕಿ.ಮೀ. ಎಂಬ ವಿಚಿತ್ರ ಲೆಕ್ಕ ಬಂದದ್ದು 1908ರ ಲಂಡನ್ ಒಲಿಂಪಿಕ್ಸಿನಿಂದ. ಅದು ಕಾಯಂ ಆದದ್ದು 1921ರಲ್ಲಿ. ಆಗಲೂ ಹೆಂಗಸರಿಗೆ ಜಾಗವಿರಲಿಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಅವರಿಗೆ 800 ಮೀಟರ್ ಓಟ ಕೊಟ್ಟರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನಲ್ಲಿ ಗೆದ್ದಳು. ಓಡಿದ ಒಂಬತ್ತು ಜನರೂ ಗುರಿ ಮುಟ್ಟಿದ್ದರು. ಆದರೆ ಓಟ ಮುಗಿದ ಮೇಲೆ ಕೆಲವರು ಏದುಸಿರು ಬಿಡುತ್ತ ಹುಲ್ಲಿನ ಮೇಲೆ ಒರಗಿದ್ದನ್ನೇ ಪತ್ರಿಕೆಗಳು ದೊಡ್ಡದು ಮಾಡಿದವು. ಹೆಂಗಸರೆಲ್ಲ ಕುಸಿದು ಬಿದ್ದರೆಂದು ಬರೆದವು. ಪರಿಣಾಮವಾಗಿ 1960ರ ರೋಮ್ ಒಲಿಂಪಿಕ್ಸಿನವರೆಗೆ, ಅಂದರೆ 32 ವರ್ಷ, ಹೆಂಗಸರಿಗೆ 200 ಮೀಟರಿಗಿಂತ ಉದ್ದದ ಒಲಿಂಪಿಕ್ ಓಟವೇ ಇರಲಿಲ್ಲ. ಓಡಿ ದಣಿದ ಗಂಡಸು ಒರಗಿದರೆ ಅದು ಶೌರ್ಯ, ಹೆಂಗಸು ಒರಗಿದರೆ ಅದು ಅನಾಹುತ!

ಇನ್ನು ಭಾನುವಾರದ ಉದ್ದ ಓಟ ಅಭ್ಯಾಸದ ಮಾತಾದದ್ದರಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ನ್ಯೂಜಿಲೆಂಡಿನವನ ಪಾಲು ದೊಡ್ಡದು. ಬೂಟಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಆಮೇಲೆ ನೆರೆಹೊರೆಯ ಹುಡುಗರನ್ನು ಕಟ್ಟಿಕೊಂಡು, ಆಕ್ಲೆಂಡ್ ಬಳಿಯ ವೈಟಾಕೆರೆ ಬೆಟ್ಟದ ದಾರಿಯಲ್ಲಿ ಪ್ರತಿ ಭಾನುವಾರ 22 ಮೈಲಿ ಓಡಿಸುತ್ತಿದ್ದ. 1960ರಲ್ಲಿ ಆ ಹುಡುಗರಲ್ಲಿ ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್‌ಬರ್ಗ್ 5000 ಮೀಟರಿನಲ್ಲಿ ಚಿನ್ನ ಗೆದ್ದರು. ಬ್ಯಾರಿ ಮ್ಯಾಗಿ ಮ್ಯಾರಥಾನಿನಲ್ಲಿ ಕಂಚು ತಂದ. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೂ 22 ಮೈಲಿಯ ತಳಪಾಯ ಬೇಕೆಂದು ಅವನು ತೋರಿಸಿದ.

ಈ ತಳಪಾಯದ ಗುಟ್ಟು ನಮ್ಮ ಹಳೆಯ ಸೌದೆ ಒಲೆಯಲ್ಲಿದೆ. ಅನ್ನ, ಮುದ್ದೆ, ಚಪಾತಿಯಿಂದ ಬಂದ ಸಕ್ಕರೆ ನಮ್ಮ ಸ್ನಾಯು ಮತ್ತು ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಗ್ಲೈಕೊಜೆನ್ ಆಗಿ ಕೂತಿರುತ್ತದೆ. ಅದು ಪುಳ್ಳೆಯಂತೆ, ಬೇಗ ಹೊತ್ತಿಕೊಳ್ಳುತ್ತದೆ, ಬೇಗ ಮುಗಿಯುತ್ತದೆ. ಹೆಚ್ಚಿನವರಿಗೆ 30 ಕಿ.ಮೀ. ಸುಮಾರಿಗೆ ಅದು ತಳ ಕಾಣುತ್ತದೆ, ಕಾಲು ಕಲ್ಲಾಗುತ್ತದೆ. ಕೊಬ್ಬು ಕೊರಡಿನಂತೆ, ನಿಧಾನವಾಗಿ ಉರಿದರೂ ಬಹಳ ಹೊತ್ತು ಬರುತ್ತದೆ. ವಾರಕ್ಕೊಮ್ಮೆ ನಿಧಾನವಾಗಿ ಬಹುದೂರ ಓಡಿದರೆ ಮೈ ಕೊರಡನ್ನು ಉರಿಸುವುದನ್ನು ಕಲಿಯುತ್ತದೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ತಮಾಷೆ ನೋಡಿ, ಇಂಥ ದೀರ್ಘ ಓಟದಲ್ಲಿ ಗಂಡಸರಿಗಿಂತ ಹೆಂಗಸರ ಮೈ ಹೆಚ್ಚಿನ ಪಾಲು ಕೊಬ್ಬನ್ನು ಉರಿಸುತ್ತದೆ ಎಂದು ಶರೀರಶಾಸ್ತ್ರ ಬಲ್ಲವರು ಕಂಡುಕೊಂಡಿದ್ದಾರೆ. ಯಾರಿಗೆ ಆಗದು ಎಂದಿದ್ದರೋ ಅವರ ಮೈಯೇ ಇದಕ್ಕೆ ಒಗ್ಗಿದ್ದು.

ಅಮೆರಿಕದ ಬಾಬಿ ಗಿಬ್‌ಗೆ ಯಾವ ಗುರುವೂ ಇರಲಿಲ್ಲ. 1964ರಲ್ಲಿ ಬಾಸ್ಟನ್ ಮ್ಯಾರಥಾನನ್ನು ಕಣ್ಣಾರೆ ಕಂಡು ತಾನೂ ಓಡಬೇಕೆಂದುಕೊಂಡಳು. ನಾಯಿಮರಿಯನ್ನು ಜೊತೆಗಿಟ್ಟುಕೊಂಡು ವ್ಯಾನಿನಲ್ಲಿ ದೇಶದ ಉದ್ದಕ್ಕೂ ಹೋಗುತ್ತ, ನಿಂತ ಊರುಗಳಲ್ಲೆಲ್ಲ ದಿನವೂ ಓಡಿದಳು. 1966ರಲ್ಲಿ ಅರ್ಜಿ ಹಾಕಿದರೆ, ಹೆಂಗಸರ ದೇಹಕ್ಕೆ ಇಷ್ಟು ದೂರ ಸಾಧ್ಯವಿಲ್ಲ ಎಂಬ ಉತ್ತರ ಬಂತು. ಹಲವು ದಿನ ಬಸ್ಸಿನಲ್ಲಿ ಕೂತು ತವರಿಗೆ ಬಂದಳು. ಅಪ್ಪನಿಗೆ ಇದು ಹಿಡಿಸಲಿಲ್ಲ. ಅಮ್ಮ ಕಾರು ತೆಗೆದು ಓಟ ಶುರುವಾಗುವ ಜಾಗದ ಹತ್ತಿರ ಬಿಟ್ಟು ಬಂದಳು. ಮಗಳು ಪೊದೆಯ ಮರೆಯಲ್ಲಿ ಕಾದಿದ್ದು, ಗಂಡಸರ ಗುಂಪು ಹೊರಟ ಮೇಲೆ ನಡುವೆ ಸೇರಿಕೊಂಡಳು. 3 ಗಂಟೆ 21 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದಳು. ಅವಳಿಗಿಂತ ಹಿಂದೆ ಬಂದ ಗಂಡಸರೇ ಹೆಚ್ಚು.

ಮರುವರ್ಷದ ಕ್ಯಾಥರಿನ್ ಸ್ವಿಟ್ಜರ್ ಕಥೆ ಹಲವರಿಗೆ ಗೊತ್ತು. ಕೆ. ವಿ. ಸ್ವಿಟ್ಜರ್ ಎಂದು ಹೆಸರು ಕೊಟ್ಟು 261ನೇ ನಂಬರು ಪಡೆದವಳು. ನಡುದಾರಿಯಲ್ಲಿ ಪಂದ್ಯದ ಅಧಿಕಾರಿ ಜಾಕ್ ಸೆಂಪಲ್ ಆ ನಂಬರನ್ನು ಕಿತ್ತುಕೊಳ್ಳಲು ಮೇಲೆ ಬಿದ್ದ ಫೋಟೋ ಜಗತ್ತನ್ನೆಲ್ಲ ಸುತ್ತಿತು. ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಫೋಟೋ ಇಲ್ಲದ ಒಂದು ದಿನ. ಅವಳಿಗೆ ಓಟ ಕಲಿಸುತ್ತಿದ್ದ ಆರ್ನಿ ಬ್ರಿಗ್ಸ್, ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಟಪಾಲು ಹಂಚುವವನು, ಐವತ್ತರ ಆಸುಪಾಸಿನವನು. ಬಾಸ್ಟನ್ ಓಟದ ಕಥೆಗಳನ್ನು ದಿನವೂ ಹೇಳುತ್ತಿದ್ದ ಅವನೇ, ಹೆಂಗಸಿಗೆ ಆ ದೂರ ಸಾಧ್ಯವಿಲ್ಲ ಎಂದ. ಅಭ್ಯಾಸದಲ್ಲಿ ಅಷ್ಟನ್ನೂ ಓಡಿ ತೋರಿಸಿದರೆ ತಾನೇ ಕರೆದೊಯ್ಯುವೆ ಎಂದೂ ಹೇಳಿದ. ಪಂದ್ಯಕ್ಕೆ ಮೂರು ವಾರ ಇರುವಾಗ ಇಬ್ಬರೂ 26 ಮೈಲಿ ಓಡಿದರು. ಅವಳಿಗೆ ಅಷ್ಟು ಸಾಲದೆನಿಸಿತು, ಇನ್ನೂ ಐದು ಮೈಲಿ ಓಡೋಣ ಎಂದಳು. 31 ಮೈಲಿ ಮುಗಿದಾಗ ಎಚ್ಚರ ತಪ್ಪಿದವನು ಗುರು! ಮಾರನೆಯ ದಿನ ಅವನೇ ಬಂದು, ಪಂದ್ಯಕ್ಕೆ ಹೆಸರು ಕೊಡಲೇಬೇಕು ಎಂದು ಪಟ್ಟು ಹಿಡಿದ. ಬಾಸ್ಟನ್ನಿನ ಬಾಗಿಲು ಹೆಂಗಸರಿಗೆ ಅಧಿಕೃತವಾಗಿ ತೆರೆದದ್ದು 1972ರಲ್ಲಿ. ಒಬ್ಬ ಗಂಡಸಿನ ಮನಸ್ಸಿನ ಬಾಗಿಲು ತೆರೆದದ್ದು ಐದು ವರ್ಷ ಮೊದಲು, ಆ 31 ಮೈಲಿಯ ಕೊನೆಯಲ್ಲಿ.

ಆಮೇಲೆ ಕೆಲಸ ಬೇಗ ಸಾಗಿತು. ಜರ್ಮನಿಯ ಡಾಕ್ಟರ್ ಅರ್ನ್ಸ್ಟ್ ಫಾನ್ ಆಕೆನ್, ದೀರ್ಘ ಓಟಕ್ಕೆ ಹೆಂಗಸರೇ ತಕ್ಕವರು ಎಂದು ವಾದಿಸುತ್ತಿದ್ದವರು, 1974ರಲ್ಲಿ ವಾಲ್ಡ್‌ನೀಲ್ ಎಂಬ ತಮ್ಮ ಊರಿನಲ್ಲಿ ಹೆಂಗಸರಿಗಾಗಿಯೇ ಅಂತಾರಾಷ್ಟ್ರೀಯ ಮ್ಯಾರಥಾನ್ ನಡೆಸಿದರು. 1978ರಲ್ಲಿ ನಾರ್ವೆಯ ಗ್ರೇಟೆ ವೈಟ್ಸ್, ಅಭ್ಯಾಸದಲ್ಲಿ 20 ಕಿ.ಮೀ. ದಾಟದವಳು, ಗಂಡನ ಮಾತಿಗೆ ನ್ಯೂಯಾರ್ಕಿನಲ್ಲಿ ಓಡಿ ಜಗತ್ತಿನ ಅತಿ ಒಳ್ಳೆಯ ಕಾಲ ದಾಖಲಿಸಿದಳು. ಉದ್ದ ಓಟ ಮಾಡಿರದ ಕಾಲುಗಳು ಕೊನೆಯಲ್ಲಿ ಅನುಭವಿಸಿದ ನೋವಿಗೆ, ಓಟ ಮುಗಿದೊಡನೆ ಬೂಟು ಕಿತ್ತು ಗಂಡನತ್ತ ಎಸೆದಳಂತೆ. ಕಡೆಗೆ 1984ರ ಆಗಸ್ಟ್ 5ರಂದು ಲಾಸ್ ಏಂಜಲೀಸಿನಲ್ಲಿ ಹೆಂಗಸರ ಮೊದಲ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ಜೋನ್ ಬೆನೊಯಿಟ್ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದಳು. ರೆವಿಥಿಯನ್ನು ಹೊರಗೆ ನಿಲ್ಲಿಸಿ ಅಲ್ಲಿಗೆ 88 ವರ್ಷ.

ಇಷ್ಟೆಲ್ಲ ಆದ ಮೇಲೆ ನಮ್ಮಂಥವರಿಗೆ ಉಳಿದ ತೊಡಕೇನು? ಅದನ್ನು ನನಗೆ ಸರಿಯಾಗಿ ತಿಳಿಸಿದವಳು ಹೂವಿನಾಕೆ. ಒಂದು ಭಾನುವಾರ ಬೆಳಿಗ್ಗೆ ಇಬ್ಬರು ಗೆಳತಿಯರೊಂದಿಗೆ ಶ್ರೀರಂಗಪಟ್ಟಣಕ್ಕೆ ಓಡಿ ಹೋಗಿ ಹಿಂತಿರುಗಿದೆ. ಸುಮಾರು 32 ಕಿ.ಮೀ. ನನ್ನ ಮಟ್ಟಿಗೆ ಅದೇ ಅತಿ ಉದ್ದದ ಓಟ. ನಾಲ್ಕು ಗಂಟೆಯ ಮೇಲಾಯಿತು. ಊರಿನ ಅಂಚಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಆಕೆ ಕೂಗಿ ಕೇಳಿದಳು:

“ಯಾಕವ್ವ, ಬಸ್ಸು ತಪ್ಪೋಯ್ತಾ?”

“ಇಲ್ಲ ಕಣಮ್ಮ, ಸುಮ್ನೆ ಓಡ್ತಿದ್ದೀವಿ.”

“ಸುಮ್ನೆನಾ? ಮನೇಲಿ ಏನೂ ಅನ್ನಲ್ವಾ?”

ಕಾಲು ನೋಯುವುದಿಲ್ಲವೇ ಎಂದು ಆಕೆ ಕೇಳಲಿಲ್ಲ. ದಿನವೂ ಬುಟ್ಟಿ ಹೊತ್ತು ಮೈಲಿಗಟ್ಟಲೆ ನಡೆಯುವವಳಿಗೆ ಹೆಂಗಸಿನ ಕಾಲಿನ ಬಗ್ಗೆ ಯಾವ ಸಂಶಯವೂ ಇಲ್ಲ. ಆಕೆ ಕೇಳಿದ್ದು ಆ ನಾಲ್ಕು ಗಂಟೆಯ ಬಗ್ಗೆ. ಭಾನುವಾರ ಬೆಳಗಿನ ಹೊತ್ತು ಮನೆಯೊಡತಿಯ ಸ್ವಂತದ್ದಲ್ಲ. ಕಾಫಿಯದು, ತಿಂಡಿಯದು, ಬಂದುಹೋಗುವವರದು. ಹಿಂದಿನ ರಾತ್ರಿ ಹಿಟ್ಟು ರುಬ್ಬಿಟ್ಟು, ಕಾಯಿ ತುರಿದಿಟ್ಟು ನಾನು ಹೊರಟಿದ್ದೆ. ಮನೆಗೆ ಬಂದಾಗ ಮಗ ದೋಸೆ ಹುಯ್ಯುತ್ತಿದ್ದ. ಮೊದಲನೆಯದು ಕಾವಲಿಗೆ ಅಂಟಿತ್ತು, ಎರಡನೆಯದು ದುಂಡಗಿತ್ತು. ಯಜಮಾನರು ಲೋಟ ತುಂಬ ನೀರು ತಂದುಕೊಟ್ಟು, “ಎಷ್ಟಾಯ್ತು?” ಎಂದರು. “ಮೂವತ್ತೆರಡು” ಎಂದೆ. ಅವರೂ ಏನೂ ಅನ್ನಲಿಲ್ಲ. ಸ್ಟೂಲು ಎಳೆದು ಹಾಕಿದರು.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಎಂದಿನಂತೆ ಗಂಡಸರ ಮ್ಯಾರಥಾನಿಗೆ ಮೀಸಲಿದ್ದ ಕೊನೆಯ ದಿನವನ್ನು ಮೊದಲ ಬಾರಿಗೆ ಹೆಂಗಸರಿಗೆ ಕೊಟ್ಟರು. ನೆದರ್‌ಲೆಂಡ್ಸ್‌ನ ಸಿಫಾನ್ ಹಸನ್ 2 ಗಂಟೆ 22 ನಿಮಿಷ 55 ಸೆಕೆಂಡಿನಲ್ಲಿ ಗೆದ್ದಳು. ಓಟದ ದಾರಿಯನ್ನು ಆರಿಸಿದ್ದು ಒಂದು ನೆನಪಿಗಾಗಿ. 1789ರ ಅಕ್ಟೋಬರಿನಲ್ಲಿ ರೊಟ್ಟಿಗೆ ಗತಿಯಿಲ್ಲದ ಪ್ಯಾರಿಸ್ಸಿನ ಸಾವಿರಾರು ಹೆಂಗಸರು ವರ್ಸೇಲ್ಸಿನ ಅರಮನೆಯವರೆಗೆ ಮಳೆಯಲ್ಲಿ ನಡೆದು ಹೋಗಿ ರಾಜನನ್ನು ಕರೆತಂದಿದ್ದರು. ಅವರ ಪೈಕಿ ಯಾರೂ ಅಂದು ಎಷ್ಟು ಮೈಲಿ ಎಂದು ಎಣಿಸಿರಲಾರರು. ದೂರ ಹೋಗುವುದು ಹೆಂಗಸರಿಗೆ ಎಂದೂ ಹೊಸದಾಗಿರಲಿಲ್ಲ. ಅನ್ನಕ್ಕಾಗಿ, ನೀರಿಗಾಗಿ, ಮಕ್ಕಳಿಗಾಗಿ ಎಷ್ಟು ದೂರ ಬೇಕಾದರೂ ಹೋಗು ಎಂದೇ ಜಗತ್ತು ಹೇಳಿತ್ತು. ತನಗಾಗಿ ಹೊರಟಾಗ ಮಾತ್ರ ತಡೆಯಿತು. ಭಾನುವಾರದ ಉದ್ದ ಓಟದಲ್ಲಿ ನಾವು ಕೇಳುವುದು ಇಷ್ಟೇ: ವಾರದಲ್ಲಿ ನಾಲ್ಕು ಗಂಟೆ, ಸುಮ್ಮನೆ.