ರೈಲಿನ ಸದ್ದು ಸಂಗೀತವಾದಾಗ ಕೇಳುಗರಿಗೆ ಯಾಕೆ ಸಿಟ್ಟು ಬಂತು?

ಎಲೆಕ್ಟ್ರೋ-ಅಕೂಸ್ಟಿಕ್ ಸಂಗೀತ ಅಂದರೆ ಸರಳವಾಗಿ ಇಷ್ಟು: ಮೈಕಿನಲ್ಲಿ ಹಿಡಿದ ಅಥವಾ ವಿದ್ಯುತ್ ಉಪಕರಣದಿಂದ ಹುಟ್ಟಿಸಿದ ಸದ್ದನ್ನು ಕತ್ತರಿಸಿ, ಜೋಡಿಸಿ, ಸ್ಪೀಕರ್ ಮೂಲಕ ಕೇಳಿಸೋದು. ಇದರ ಚರಿತ್ರೆ ಬರೆದವರು ಯಂತ್ರಗಳಿಗೆ, ಸಂಯೋಜಕರಿಗೆ ಪುಟಗಟ್ಟಲೆ ಕೊಡ್ತಾರೆ. ಕೇಳುಗರಿಗೆ ಸಿಗೋದು 'ಜನಕ್ಕೆ ಅರ್ಥವಾಗಲಿಲ್ಲ' ಅನ್ನೋ ಒಂದು ಸಾಲು. ನನಗೆ ಇದು ಅನ್ಯಾಯ ಅನ್ನಿಸುತ್ತೆ. ಜನ ಚೆನ್ನಾಗೇ ಕೇಳಿಸಿಕೊಂಡಿದ್ದರು.

ಮೊದಲು ಪಿಯರ್ ಶೇಫರ್. ಫ್ರೆಂಚ್ ರೇಡಿಯೋದ ಎಂಜಿನಿಯರ್. 1948ರಲ್ಲಿ ಪ್ಯಾರಿಸ್‌ನ ಬಾತಿನ್ಯೋಲ್ ನಿಲ್ದಾಣದಲ್ಲಿ ರೈಲಿನ ಸದ್ದು ಹಿಡಿದು, ಗ್ರಾಮಫೋನ್ ತಟ್ಟೆಗಳ ಮೇಲೆ ಅದನ್ನು ತಿರುಗಿಸಿ ಮುರುಗಿಸಿ ಒಂದು ಕೃತಿ ಮಾಡಿದರು. ಅಕ್ಟೋಬರ್ 5ರಂದು ರೇಡಿಯೋದಲ್ಲಿ ಅದರ ಪ್ರಸಾರವೂ ಆಯಿತು. ಅವರ ಆಸೆ ಏನೆಂದರೆ, ಕೇಳುಗ ರೈಲನ್ನು ಮರೆತು ಬರೀ ಸದ್ದಿನ ಆಕಾರವನ್ನು ಕೇಳಬೇಕು. ಅವರ ಪ್ರಕಾರ ಸದ್ದಿನ ಹಿಂದಿನ ವಸ್ತು ಮುಖ್ಯವಲ್ಲ. ಆದರೆ ಆ ತುಣುಕನ್ನು ಈಗ ಹೆಡ್‌ಫೋನ್ ಹಾಕಿ ಕೇಳಿ ನೋಡಿ. ಕಣ್ಣ ಮುಂದೆ ಬರೋದು ರೈಲೇ!

ದೊಡ್ಡ ಗಲಾಟೆ ಆಗಿದ್ದು 1954ರ ಡಿಸೆಂಬರ್ 2ರಂದು, ಪ್ಯಾರಿಸ್‌ನ ಶಾಂಜೆಲಿಜೆ ರಂಗಮಂದಿರದಲ್ಲಿ. 1913ರಲ್ಲಿ ಸ್ಟ್ರಾವಿನ್‌ಸ್ಕಿಯ ಬ್ಯಾಲೆಗೆ ಜನ ಕೂಗಾಡಿದ್ದೂ ಇದೇ ಜಾಗದಲ್ಲಿ. ಎಡ್ಗಾರ್ ವರೇಜ್ ಅವರ 'ದೆಜೆರ್' ಅಂದರೆ ಮರುಭೂಮಿಗಳು. ಗಾಳಿವಾದ್ಯ, ಪಿಯಾನೋ, ತಾಳವಾದ್ಯಗಳು ನುಡಿಯುತ್ತಿರುವಾಗ ಮಧ್ಯೆ ಮೂರು ಸಲ ವಾದ್ಯಗಾರರು ಸುಮ್ಮನಾಗುತ್ತಾರೆ, ಟೇಪು ಶುರುವಾಗುತ್ತೆ. ಟೇಪಿನಲ್ಲಿರೋದು ಕಾರ್ಖಾನೆಯ ಸದ್ದು. ಸಭೆಯಲ್ಲಿ ಶಿಳ್ಳೆ, ನಗು, ಬೈಗುಳ. ಜೊತೆಗೆ ಮೆಚ್ಚಿದವರ ಚಪ್ಪಾಳೆ. ಕಛೇರಿ ರೇಡಿಯೋದಲ್ಲಿ ನೇರಪ್ರಸಾರ ಆಗ್ತಿದ್ದರಿಂದ ಈ ಗದ್ದಲವೂ ಮನೆಮನೆಗೆ ತಲುಪಿತು.

ಒಂದು ವಿಷಯ ಗಮನಿಸಿ. ಅವತ್ತು ಈ ಕೃತಿಯನ್ನು ಇಟ್ಟಿದ್ದು ಮೊಜಾರ್ಟ್ ಮತ್ತು ಚೈಕೋವ್‌ಸ್ಕಿ ನಡುವೆ. ಅಚ್ಚುಕಟ್ಟಾದ ಊಟಕ್ಕೆ ಕೂತವರ ಎಲೆಗೆ ಹೇಳದೆ ಕೇಳದೆ ಕಬ್ಬಿಣ ಬಡಿಸಿದ ಹಾಗೆ. ವೇದಿಕೆ ಮೇಲೆ ವಾದ್ಯಗಾರರು ಕೈಕಟ್ಟಿ ಕೂತಿದ್ದಾರೆ, ಸದ್ದು ಮಾತ್ರ ಬರ್ತಾ ಇದೆ. ಯಾರನ್ನು ನೋಡೋದು? ನನ್ನ ಪ್ರಕಾರ ಸಿಟ್ಟಿಗೆ ಅರ್ಧ ಕಾರಣ ಇದೇ.

ಅದೇ ವರೇಜ್ ನಾಲ್ಕು ವರ್ಷದ ನಂತರ ಬ್ರಸೆಲ್ಸ್ ವಿಶ್ವಮೇಳದ ಫಿಲಿಪ್ಸ್ ಮಂಟಪಕ್ಕೆ ಎಂಟು ನಿಮಿಷದ ಟೇಪು ಮಾಡಿದರು. ಅವರು ಬೇಡ ಅಂತ ಕಂಪನಿ ಹಿಂಜರಿದಾಗ ಪಟ್ಟು ಹಿಡಿದವರು ಲ ಕಾರ್ಬೂಸಿಯೆ, ಚಂಡೀಗಢ ಕಟ್ಟಿದವರೇ. ಗೋಡೆಗಳ ತುಂಬ ನೂರಾರು ಸ್ಪೀಕರ್, ಜೊತೆಗೆ ಬೆಳಕು, ಚಿತ್ರ. ಜನ ಗುಂಪುಗುಂಪಾಗಿ ಒಳಗೆ ಬಂದು, ನಿಂತು ಕೇಳಿ, ಹೊರಗೆ ಹೋದರು. ಮೇಳಕ್ಕೆ ಬಂದವರು ಮೊಜಾರ್ಟ್‌ಗೆ ಟಿಕೆಟ್ ತೆಗೆದವರಲ್ಲ, ನೋಡಿ.

ಗುಂಪು ಬದಲಾಗುವಾಗ ಅಲ್ಲಿ ಇನ್ನೊಂದು ಸಣ್ಣ ಕೃತಿ ಕೇಳಿಸುತ್ತಿತ್ತು: ಯಾನಿಸ್ ಕ್ಸೆನಾಕಿಸ್ ಅವರ 'ಕೊಂಕ್ರೆ ಪಿಎಚ್'. ಉರಿಯುವ ಇದ್ದಿಲಿನ ಚಟಪಟವನ್ನು ಚೂರುಚೂರು ಮಾಡಿ ಒಂದರ ಮೇಲೊಂದು ಹಾಸಿದ್ದು. ನನಗಂತೂ ಗಾಜಿನ ಬಳೆಚೂರು ಸುರಿದ ಹಾಗೆ ಕೇಳಿಸುತ್ತೆ. ಗ್ರ್ಯಾನ್ಯುಲರ್ ಸಂಗೀತದ ಬೀಜ ಇಲ್ಲಿದೆ.

ಗ್ರ್ಯಾನ್ಯುಲರ್ ಅಂದರೆ ಸದ್ದನ್ನು ಕಾಳುಗಳಾಗಿ ಒಡೆಯೋದು. ಒಂದೊಂದು ಕಾಳು ಸೆಕೆಂಡಿನ ಸಾವಿರದ ಒಂದು ಭಾಗದಿಂದ ಹತ್ತರ ಒಂದು ಭಾಗದಷ್ಟು ಉದ್ದ. ಮೊರದ ಮೇಲೆ ಒಂದು ರಾಗಿಕಾಳು ಬಿದ್ದರೆ 'ಟಕ್', ಸೇರು ರಾಗಿ ಸುರಿದರೆ 'ಸುರ್ರ್'. ಕಿವಿ ಕಾಳುಗಳನ್ನು ಬಿಡಿಸಿ ಎಣಿಸಲ್ಲ, ಸುರಿತ ಅಂತಲೇ ತಗೊಳ್ಳುತ್ತೆ. ಸದ್ದನ್ನು ಹೀಗೆ ಕಣವಾಗಿ ಕಾಣಬಹುದು ಅಂತ 1947ರಲ್ಲೇ ವಾದಿಸಿದವರು ಡೆನ್ನಿಸ್ ಗೇಬರ್. ಮುಂದೆ ಹೋಲೋಗ್ರಫಿಗೆ ನೊಬೆಲ್ ಪಡೆದವರು. 1970ರ ದಶಕದಲ್ಲಿ ಕರ್ಟಿಸ್ ರೋಡ್ಸ್ ಇದನ್ನು ಕಂಪ್ಯೂಟರಿಗೆ ತಂದರು. ಕೆನಡಾದ ಬ್ಯಾರಿ ಟ್ರೂಯಾಕ್ಸ್ ಕಾಳುಗಳನ್ನು ಆ ಕ್ಷಣದಲ್ಲೇ ಹುಟ್ಟಿಸುವ ವ್ಯವಸ್ಥೆ ಮಾಡಿಕೊಂಡು, 1986ರಲ್ಲಿ 'ರಿವರ್‌ರನ್' ಮಾಡಿದರು.

ಮಜಾ ಇರೋದು ಇಲ್ಲೇ. 'ರಿವರ್‌ರನ್'ನಲ್ಲಿ ಒಂದು ಹನಿ ನೀರೂ ಇಲ್ಲ. ಪೂರ್ತಿ ಕಂಪ್ಯೂಟರ್ ಹುಟ್ಟಿಸಿದ ಕಾಳುಗಳು. ಆದರೂ ಕೇಳುವವರಿಗೆ ಹನಿ, ತೊರೆ, ಹೊಳೆ, ಪ್ರವಾಹ ಕೇಳಿಸುತ್ತೆ. ಹೆಸರಿನ ಪ್ರಭಾವವೂ ಇದ್ದೀತು ಅನ್ನಿ. ಶೇಫರ್ ರೈಲನ್ನು ಮರೆಯಿರಿ ಅಂದರು, ಕಿವಿ ಮರೆಯಲಿಲ್ಲ. ಟ್ರೂಯಾಕ್ಸ್ ನೀರನ್ನೇ ಇಡಲಿಲ್ಲ, ಕಿವಿ ತಾನೇ ಹುಡುಕಿಕೊಂಡಿತು. ಸದ್ದು ಎಲ್ಲಿಂದ ಬಂತು ಅಂತ ಕೇಳೋದು ಕಿವಿಯ ಹುಟ್ಟುಗುಣ. ಪ್ಯಾರಿಸ್‌ನ ಜನ ಶಿಳ್ಳೆ ಹಾಕಿ ಕೇಳಿದ್ದೂ ಬಹುಶಃ ಅದನ್ನೇ. ಅದನ್ನು ಅಜ್ಞಾನ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಕೊನೆಗೆ ಈ ದಾರಿ ತೆರೆದ ಶೇಫರ್ ಕೂಡ ಮುನಿದ ಕೇಳುಗರೇ ಆದರು. ಕ್ಸೆನಾಕಿಸ್ 1962ರಲ್ಲಿ 'ಬೊಹೋರ್' ಅನ್ನುವ, ಕಿವಿಗಡಚಿಕ್ಕುವ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಕೃತಿ ಮಾಡಿ ಅವರಿಗೇ ಅರ್ಪಿಸಿದರು. ಶೇಫರ್‌ಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. 1986ರ ಒಂದು ಸಂದರ್ಶನದಲ್ಲಂತೂ ಡೋ-ರೇ-ಮಿ ಬಿಟ್ಟು ಹೊರಗೆ ಸಂಗೀತ ಸಾಧ್ಯವಿಲ್ಲ, ಇದನ್ನು ತಿಳಿಯೋಕೆ ತನಗೆ ನಲವತ್ತು ವರ್ಷ ಬೇಕಾಯಿತು ಅನ್ನುವ ಅರ್ಥದಲ್ಲಿ ಹೇಳಿಬಿಟ್ಟರು. ಟ್ರೂಯಾಕ್ಸ್ 'ರಿವರ್‌ರನ್' ಮಾಡಿದ್ದೂ ಅದೇ ವರ್ಷ.