ಸೇಲಂನಿಂದ ಬರುತ್ತಿದ್ದ ಮಿಸ್ ಕಾಲ್

ಸೇಲಂನಲ್ಲಿ ಉಪ್ಪನ ಅಂಗಡಿ, ಊರಲ್ಲಿ ಉಮ್ಮ ಮತ್ತು ನಾವು, ನಡುವೆ ಎಸ್‌ಟಿಡಿ ದರ. 1995ರ ಜುಲೈ 31ರಂದು ಜ್ಯೋತಿ ಬಸು ದೇಶದ ಮೊದಲ ಮೊಬೈಲ್ ಕರೆ ಮಾಡಿದ್ದರೂ, ನಮ್ಮಂಥವರ ಕೈಗೆ ಮೊಬೈಲ್ ಬಂದದ್ದು 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆಯೇ. ಉಪ್ಪ ಎರಡು ನೋಕಿಯಾ 1100 ಕೊಂಡರು: ಒಂದು ಅಂಗಡಿಗೆ, ಒಂದು ಮನೆಗೆ. ಧೂಳು ಒಳಗೆ ಹೋಗದ ಕೀಪ್ಯಾಡ್, ತುದಿಯಲ್ಲಿ ಟಾರ್ಚ್. ಕರೆಂಟ್ ಹೋದಾಗ ಆ ಬೆಳಕಲ್ಲೇ ತಕ್ಕಡಿ ನೋಡುತ್ತಿದ್ದರಂತೆ.

ಒಂದು ರಿಂಗ್ ಅಂದರೆ ಅಂಗಡಿ ಮುಚ್ಚಿದೆ. ಎರಡು ಅಂದರೆ ಹಣ ಕಳಿಸಿದ್ದೇನೆ. ಮೂರಾದರೆ ಮಾತ್ರ ಎತ್ತಬೇಕು. 2006ರ ಮಾರ್ಚ್‌ನಲ್ಲಿ ಬಿಎಸ್‌ಎನ್‌ಎಲ್‌ನ ಒನ್ ಇಂಡಿಯಾ ಪ್ಲಾನ್ ಬಂದು ಎಸ್‌ಟಿಡಿ ನಿಮಿಷಕ್ಕೆ 1 ರೂಪಾಯಿ ಆಯಿತು. ಆದರೂ ಉಮ್ಮ ಮೂರನೇ ರಿಂಗ್‌ಗೆ ಕಾಯುವುದನ್ನು ಬಿಡಲಿಲ್ಲ!

ಆಮೇಲೆ ನನ್ನ ಕೈಯಲ್ಲಿ ಎಷ್ಟೋ ಫೋನ್‌ಗಳು ಬಂದು ಹೋದವು, ಲೆಕ್ಕವಿಲ್ಲ. ಶ್ರೀಪೆರಂಬುದೂರಿನ ನೋಕಿಯಾ ಕಾರ್ಖಾನೆ 2014ರಲ್ಲಿ ಮುಚ್ಚಿತು. 2004ರವರೆಗೆ ಧರ್ಮಪುರಿ ಜಿಲ್ಲೆಗೆ ಸೇರಿದ್ದ ಹೊಸೂರಿನ ಕಡೆ ಈಗ ಟಾಟಾದವರು ಐಫೋನ್ ಭಾಗಗಳನ್ನು ಮಾಡುತ್ತಿದ್ದಾರೆ.

ಉಪ್ಪ ಈಗಿಲ್ಲ. ಮೊನ್ನೆ ಮನೆಯ 1100ಕ್ಕೆ ಹೊಸ ಬಿಎಲ್-5ಸಿ ಬ್ಯಾಟರಿ ಹಾಕಿದೆ. ಫೋನ್ ಆನ್ ಆಯಿತು. ಇನ್‌ಬಾಕ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ ಉಪ್ಪನ ಬ್ಯಾರಿ: ಹಣ ಸಿಕ್ಕಿತಾ ಎಂದು ಕೇಳಿದ್ದರು.