ತ್ಸುಕುಬಾದ ಕಪ್ಪು ಮಣ್ಣು, ಮಲೆನಾಡಿನ ಸೊಪ್ಪಿನಬೆಟ್ಟ

ತ್ಸುಕುಬಾದ ಹೊಲಗಳ ಕಪ್ಪು ಮಣ್ಣನ್ನು ಕಂಡಾಗ ಉತ್ತರ ಕರ್ನಾಟಕದ ಎರೆಭೂಮಿ ನೆನಪಾಗುವುದು ಸಹಜ. ಆದರೆ ಇದು ಜ್ವಾಲಾಮುಖಿಯ ಬೂದಿಯಿಂದ ಹುಟ್ಟಿದ ‘ಕುರೊಬೊಕು’. ಸಾವಯವ ಅಂಶ ಹೇರಳವಾಗಿದ್ದರೂ ಇದರಲ್ಲಿನ ಅಲ್ಯುಮಿನಿಯಂ ರಂಜಕವನ್ನು ಹಿಡಿದಿಟ್ಟು, ಬೆಳೆಗೆ ಸುಲಭವಾಗಿ ದೊರೆಯದಂತೆ ಮಾಡುತ್ತದೆ.

ರಾಸಾಯನಿಕ ಗೊಬ್ಬರವಿಲ್ಲದ ಕಾಲದಲ್ಲಿ ಇಂಥ ನೆಲವನ್ನು ರೈತರು ಹದಗೊಳಿಸಿದ ಬಗೆಗೆ ಇದೇ ಕಾಂತೋ ಬಯಲಿನ ಮುಸಾಶಿನೋ ಸಾಕ್ಷಿ. ಅಲ್ಲಿ 1696ರಲ್ಲಿ ಪೂರ್ಣಗೊಂಡ ಸಾಂತೊಮೆಯ ಹೊಸ ಊರುಗಳಲ್ಲಿ ಪ್ರತಿ ಮನೆಗೂ ಹೊಲದೊಡನೆ ಒಂದು ತೋಪು ದೊರೆಯಿತು. ತೋಪಿನ ತರಗೆಲೆ ಕೊಳೆತು ಹೊಲಕ್ಕೆ ಗೊಬ್ಬರವಾಯಿತು. ಈ ಪದ್ಧತಿ 2023ರಲ್ಲಿ ವಿಶ್ವಸಂಸ್ಥೆಯ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿತು.

ಶಿರಸಿ, ಸಿದ್ದಾಪುರಗಳ ಅಡಿಕೆ ತೋಟಗಳಿಗೂ ಸೊಪ್ಪಿನಬೆಟ್ಟವೇ ಆಧಾರ. ಬೆಟ್ಟ ಬೋಳಾದರೆ ತೋಟ ಸೊರಗುವುದೆಂಬ ಅರಿವು ಎರಡೂ ನಾಡುಗಳದು. ಈ ಶರತ್ಕಾಲದಲ್ಲಿ ಅಂಗಳದ ತರಗೆಲೆಯನ್ನು ಕಸದ ಚೀಲಕ್ಕೆ ತುಂಬುವ ಮುನ್ನ ಮಕ್ಕಳಿಗೆ ಈ ಕಥೆಯನ್ನು ಹೇಳೋಣ.